ಬೂ ಅಸಾ ಓಡಿದ ಶುಕ್ರವಾರ

ಅವನು ಓಡುತ್ತಿರಲಿಲ್ಲ. ಅವನ ಆಟ ನೋಡಿದ ಯಾರನ್ನೇ ಕೇಳಿ, ಮೊದಲು ಇದನ್ನೇ ಹೇಳುತ್ತಾರೆ. ಆಮೇಲೆ ಅವನು ಹೊಡೆದ ಚೆಂಡು ಎಲ್ಲಿ ಬಿತ್ತು ಎಂದು ಹೇಳುತ್ತಾರೆ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಜಾಗ: ಹೆದ್ದಾರಿಯ ಆಚೆ, ನೀರಿನ ಟ್ಯಾಂಕಿನ ಮೇಲೆ, ಯಾರದೋ ಮನೆಯ ಆಡಿನ ದೊಡ್ಡಿಯೊಳಗೆ. ಅದರಲ್ಲಿ ಅರ್ಧ ಸುಳ್ಳು. ಸ್ಕೋರು ಬರೆಯುತ್ತಿದ್ದವಳು ನಾನು, ನನಗೆ ಗೊತ್ತು. ಟ್ಯಾಂಕಿನ ಮೇಲೆ ಬಿದ್ದದ್ದು ನಿಜ. ಹೆದ್ದಾರಿ ದಾಟಲಿಲ್ಲ, ಈಚೆ ಅಂಚಿನಲ್ಲಿ ಬಿದ್ದು ನಿಂತಿತ್ತು.

ಅವನು ಹೋದ ತಿಂಗಳು ತೀರಿಕೊಂಡ. ಫೋನು ಮಾಡಿ ತಿಳಿಸಿದವಳು ಅವನ ಮಗಳು. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಇದರ ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ. ತಿದ್ದು, ಆದರೆ ನಿನ್ನದು ಏನೂ ಸೇರಿಸಬೇಡ ಎಂದು ಹೇಳಿದ್ದೇನೆ.

ನಾವು ಒಮಾನಿಗೆ ಹೋದದ್ದು ಎಂಬತ್ನಾಲ್ಕರಲ್ಲಿ. ಮಸ್ಕತ್ತಿನ ಹತ್ತಿರ ಅಲ್ ಮವಾಲೇಹ್‌ನಲ್ಲಿ ಮನೆ. ನಮ್ಮವರು ಕಟ್ಟಡ ಸಾಮಾನಿನ ಕಂಪೆನಿಯೊಂದರಲ್ಲಿ ಸ್ಟೋರ್‌ಕೀಪರ್. ಮನೆಯ ಹಿಂದೆ ಜಲ್ಲಿಕಲ್ಲಿನ ಬಯಲು. ಒಂದು ಗಿಡ ಇಲ್ಲ, ಹುಲ್ಲಿನ ಮಾತೇ ಇಲ್ಲ. ಆ ಬಯಲಿನ ನಡುವೆ ನಮ್ಮೂರ ಕಡೆಯ ಗಂಡಸರು ಸೇರಿ ಉದ್ದಕ್ಕೆ ಒಂದು ಸಿಮೆಂಟಿನ ಪಟ್ಟಿ ಎರೆದಿದ್ದರು. ಅದರ ಮೇಲೆ ತೆಂಗಿನ ನಾರಿನ ಚಾಪೆ ಎಳೆದು ಮೊಳೆ ಹೊಡೆದರೆ ಪಿಚ್ಚು. ಸುತ್ತ ಸುಣ್ಣ ಬಳಿದ ಕಲ್ಲುಗಳನ್ನಿಟ್ಟರೆ ಬೌಂಡರಿ. ಶುಕ್ರವಾರ ರಜೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಜುಮ್ಮಾ ನಮಾಜಿಗೆ ಮುಂಚೆ ಮುಗಿಯಬೇಕು. ಅರ್ಧ ತಂಡ ಬ್ಯಾರಿಗಳು, ಅವರು ಮಸೀದಿಗೆ ಹೋಗಬೇಕು. ಉಳಿದರ್ಧಕ್ಕೆ ಬಿಸಿಲು ತಡೆಯುವುದಿಲ್ಲ.

ಎಲ್ಲರಿಗೂ ಆಡಬೇಕು, ಬರೆಯಲು ಯಾರಿಗೂ ಬೇಡ. ಕ್ಯಾಪ್ಟನ್ ನಮ್ಮವರೇ ಆದ್ದರಿಂದ ಪುಸ್ತಕ ನನ್ನ ಕೈಗೆ ಬಂತು. ಓಟ ಇಲ್ಲದಿದ್ದರೆ ಚುಕ್ಕೆ, ಇದ್ದರೆ ಅಂಕಿ. ನಾಲ್ಕನೇ ಕ್ಲಾಸು ಅದಕ್ಕೆ ಧಾರಾಳ ಸಾಕು. ಪಿಕಪ್ಪಿಗೆ ಕಟ್ಟಿದ ಟಾರ್ಪಾಲಿನ ಕೆಳಗೆ ಒಂದು ಕುರ್ಚಿ, ನೀರಿನ ಕ್ಯಾನು, ನನ್ನ ಕಪ್ಪು ಕೊಡೆ. ಹನ್ನೊಂದು ವರ್ಷ ಅಲ್ಲಿ ಕೂತೆ.

ಅವನು ಎಂಬತ್ತೈದರ ಚಳಿಗಾಲದಲ್ಲಿ ಬಂದ. ಮುಲ್ಕಿ ಕಡೆಯವನು, ನಮ್ಮ ತುಳುವೇ. ನಮ್ಮ ರಸ್ತೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಒಮಾನಿಗಳ ದಿಶ್‌ದಾಶ, ಅಂದರೆ ಆ ಬಿಳಿ ನಿಲುವಂಗಿ, ದಿನಕ್ಕೆ ನೂರಕ್ಕೂ ಮೇಲೆ ಗಂಜಿ ಹಾಕಿ ಉಜ್ಜುತ್ತಿದ್ದ. ಹತ್ತಿರ ಬಂದರೆ ಗಂಜಿ, ಹಬೆ, ಬಿಸಿ ಬಟ್ಟೆಯ ವಾಸನೆ. ಅವನ ಅಪ್ಪ, ಅಜ್ಜ ಹೊಳೆಕಲ್ಲಿನ ಮೇಲೆ ಊರಿನ ಬಟ್ಟೆ ಒಗೆದವರು. ಇವನೂ ಹದಿನೆಂಟು ವರ್ಷದವರೆಗೆ ಅದನ್ನೇ ಮಾಡಿದ್ದ. ಬ್ಯಾಟು ಹಿಡಿದರೆ ಅದು ಕಾಣುತ್ತಿತ್ತು. ಕ್ರಿಕೆಟ್ ಕಲಿತವರು ಬ್ಯಾಟನ್ನು ನೇರ ಹಿಂದಕ್ಕೆ ಎತ್ತುತ್ತಾರೆ. ಇವನದು ಭುಜದ ಮೇಲಿಂದ ಸುತ್ತಿ ಬರುತ್ತಿತ್ತು, ನೆನೆದ ಜಮಖಾನವನ್ನು ಕಲ್ಲಿಗೆ ಬಡಿಯುವ ಹಾಗೆ. ಮೊದಲ ದಿನ ಎದುರು ತಂಡದವನೊಬ್ಬ, "ಏಯ್, ಸೋಪು ತರ್ಲಾ?" ಎಂದು ಕೂಗಿದ. ಮುಂದಿನ ಚೆಂಡು ಆ ಟ್ಯಾಂಕಿನ ಮೇಲೆ ಬಿತ್ತು. ಆಮೇಲೆ ಯಾರೂ ಸೋಪಿನ ಮಾತೆತ್ತಲಿಲ್ಲ.

ಲಾಂಡ್ರಿಯ ಕಫೀಲ್, ಎಂದರೆ ಅವನ ವೀಸಾ ಯಾರ ಹೆಸರಲ್ಲಿತ್ತೋ ಆ ಯಜಮಾನ, ಒಬ್ಬ ಮುದುಕ ಒಮಾನಿ. ಕ್ರಿಕೆಟ್ಟಿನ ತಲೆಬುಡ ಗೊತ್ತಿಲ್ಲ. ಆದರೂ ಪ್ರತಿ ಶುಕ್ರವಾರ ಪಿಕಪ್ಪು ತಂದು ನಿಲ್ಲಿಸಿ, ಅದರ ಹಿಂದೆ ಕಾಲು ಇಳಿಬಿಟ್ಟು ಕೂತು, ಖರ್ಜೂರ ತಿನ್ನುತ್ತ ನೋಡುತ್ತಿದ್ದ. ಅವನೇ ಇಟ್ಟ ಹೆಸರು ಬೂ ಅಸಾ. ಕೋಲಿನವನು ಎಂದರ್ಥ. ಆಮೇಲೆ ಎಲ್ಲರಿಗೂ ಅದೇ ಹೆಸರಾಯಿತು.

ಓಡುವುದಿಲ್ಲ ಎಂದೆನಲ್ಲ. ಹೊಡೆದವನು ಬ್ಯಾಟಿಗೆ ಒರಗಿ ನಿಂತುಬಿಡುತ್ತಿದ್ದ. ಚೆಂಡು ಬೌಂಡರಿಗೆ ಹೋದರೆ ಸರಿ, ಹೋಗದಿದ್ದರೂ ಸರಿ. ಆ ಕಡೆ ನಿಂತ ಜೊತೆಗಾರ "ಬಾ ಬಾ" ಎಂದು ಅರ್ಧ ದಾರಿ ಓಡಿ ಬಂದು, ಇವನು ಕದಲದ್ದನ್ನು ನೋಡಿ, ವಾಪಸು ಓಡುವಷ್ಟರಲ್ಲಿ ಔಟಾಗುತ್ತಿದ್ದ. ಎಷ್ಟು ಜನ ಹಾಗೆ ಹೋದರೋ. ಬ್ಯಾಂಕಿನಲ್ಲಿದ್ದ ಒಬ್ಬ ಉಡುಪಿಯವನು ಸಿಟ್ಟಿನಲ್ಲಿ ಗ್ಲೌಸು ತಂದು ನನ್ನ ಪುಸ್ತಕದ ಮೇಲೆ ಎಸೆದು ಹೇಳಿದ:

"ನವಾಬನಾ ಅಕ್ಕ ಅವ? ಗಂಟ್ಲು ಹರಿಯುವಷ್ಟು ಕರ್ದೆ. ಕಿವಿಗೇ ಹಾಕ್ಕೊಳ್ಳುದಿಲ್ಲ!"

ಆ ಮಾತು ಅವನ ಬಾಯಿಂದ ಎಷ್ಟು ಸರಿಯಾಗಿ ಬಂತೆಂದು ಅವನಿಗೇ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ನಾನೇ ಒಂದು ದಿನ ಕೇಳಿದೆ, ಯಾಕೆ ಓಡುವುದಿಲ್ಲ ಎಂದು. ನನ್ನ ಮುಖವನ್ನೇ ನೋಡುತ್ತ ನಕ್ಕ. "ಚೆಂಡನ್ನು ಕಳಿಸಿದ ಮೇಲೆ ನಾವ್ಯಾಕೆ ಹೋಗ್ಬೇಕು ಅಕ್ಕ?"

ಆ ಮುಖ ನೋಡುವ ಅಭ್ಯಾಸವೂ ಅವನಿಗೆ ಕೆಟ್ಟ ಹೆಸರು ತಂದಿತ್ತು. ಹೆಂಗಸರು, "ಎಂತ ಹಾಗೆ ದಿಟ್ಟಿಸ್ತಾನೆ ಮಾರಾಯ್ತಿ, ಬಾಯನ್ನೇ ನೋಡ್ತಾನೆ" ಎನ್ನುತ್ತಿದ್ದರು. ಎಲ್ಲಿ ಕೂತರೂ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಜೋಕು ಹೇಳಿದರೆ ಎಲ್ಲರೂ ನಕ್ಕಾದ ಮೇಲೆ ನಗುತ್ತಿದ್ದ. ದಪ್ಪ ಮೀಸೆಯವರನ್ನು ಕಂಡರೆ ಆಗುತ್ತಿರಲಿಲ್ಲ. ನಮ್ಮವರಿಗೆ ಮೀಸೆ ತುಟಿ ಮುಚ್ಚುವಷ್ಟಿತ್ತು. "ಅಣ್ಣ, ಆ ಮೀಸೆ ಸ್ವಲ್ಪ ಕತ್ತರಿಸಿ. ಹತ್ತು ವರ್ಷ ಸಣ್ಣ ಕಾಣ್ತೀರಿ" ಎಂದು ಯಾವಾಗಲೂ ಪೀಡಿಸುತ್ತಿದ್ದ. ನಮ್ಮವರು ಕತ್ತರಿಸಲಿಲ್ಲ. ಅದಕ್ಕೆ ನಾವೆಲ್ಲ ಏನು ತೆತ್ತೆವೆಂದು ಮುಂದೆ ಹೇಳುತ್ತೇನೆ.

ಅವನ ಜೊತೆ ಆಡಿ ಒಮ್ಮೆಯೂ ರನೌಟಾಗದವನು ಒಬ್ಬನೇ, ಹಸನಾಕ. ಉಳ್ಳಾಲದ ಬ್ಯಾರಿ, ತರಕಾರಿ ವ್ಯಾಪಾರಿ. ಗಡ್ಡ ಉಂಟು, ಮೀಸೆ ನುಣ್ಣಗೆ ಬೋಳಿಸಿದ ಮುಖ. ಇವನು ಹೊಡೆದಾಗ ಅವನೂ ನಿಂತಲ್ಲೇ ನಿಲ್ಲುತ್ತಿದ್ದ, ಅವನ ತುಟಿಯೂ ಅಷ್ಟು ದೂರದಿಂದ ಕಾಣುತ್ತಿತ್ತು. ಇವೆಲ್ಲ ಒಂದಕ್ಕೊಂದು ಸೇರಿದ್ದು ಎಂದು ತಿಳಿಯಲು ನನಗೆ ಐದು ವರ್ಷ ಬೇಕಾಯಿತು.

ತಿಳಿಸಿದ್ದು ಪುಸ್ತಕ. ಹೊಸ ಪುಸ್ತಕ ಕೊಳ್ಳುವ ಮುಂಚೆ ಹಳೆಯದನ್ನು ತಿರುವಿ ಹಾಕುತ್ತಿದ್ದೆ. ಅವನ ಸಾಲಿನಲ್ಲಿ ನಾಲ್ಕು, ಆರು, ಚುಕ್ಕೆ; ಚುಕ್ಕೆ, ಆರು, ನಾಲ್ಕು. ಒಂದು ಎನ್ನುವ ಅಂಕಿಯೇ ಇಲ್ಲ. ಸೋಮಾರಿಯಾದರೂ ವರ್ಷಕ್ಕೊಮ್ಮೆಯಾದರೂ ಒಂದು ಓಟ ಓಡುತ್ತಾನೆ. ಇಡೀ ದಿನ ನಿಂತು ಇಸ್ತ್ರಿ ಹಾಕುವವನು ಸೋಮಾರಿಯೂ ಅಲ್ಲ. ಇದು ಸೋಮಾರಿತನವಲ್ಲ, ಹೆದರಿಕೆ ಅನಿಸಿತು.

ಮುಂದಿನ ಶುಕ್ರವಾರ ಆಟ ಮುಗಿಸಿ ಎಲ್ಲರೂ ನಮ್ಮಲ್ಲಿ ಊಟಕ್ಕೆ ಬಂದಿದ್ದರು. ಶುಕ್ರವಾರ ನಾನು ಕುಚ್ಚಲಕ್ಕಿ ಅನ್ನ, ಬೂತಾಯಿ ಮೀನಿನ ಸಾರು ಮಾಡುವುದು ವಾಡಿಕೆ. ಅವನು ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ ಲೋಟ ತೊಳೆಯುತ್ತಿದ್ದ. ಕುಕ್ಕರು ಕೂಗಿತು. ಅವನು ತಿರುಗಲಿಲ್ಲ. ನಾನು ಒಂದು ಸ್ಟೀಲ್ ಮುಚ್ಚಳ ಎತ್ತಿ, ಬೇಕೆಂದೇ, ಅವನ ಹಿಂದೆ ನೆಲಕ್ಕೆ ಹಾಕಿದೆ. ಹೊರಗಿನ ಕೋಣೆಯಿಂದ ನಮ್ಮವರು "ಎಂತದದು?" ಎಂದು ಕೂಗಿದರು. ಇವನು ಲೋಟ ತೊಳೆಯುತ್ತಲೇ ಇದ್ದ. ಆಮೇಲೆ ತಿರುಗಿ, ನೆಲದ ಮೇಲಿನ ಮುಚ್ಚಳ ನೋಡಿ, ನನ್ನ ಮುಖ ನೋಡಿ, ಬಿಳಿಚಿಕೊಂಡ.

"ಎಷ್ಟು ಹೋಗಿದೆ?" ಎಂದೆ.

"ಎಡಗಿವಿ ಸಣ್ಣವನಿರುವಾಗ್ಲೇ ಹೋಯ್ತು, ಸೋರಿ ಸೋರಿ. ಬಲದ್ದು ಇಲ್ಲಿಗೆ ಬಂದ ಮೇಲೆ. ಈಗ ಬಾಯಿ ನೋಡಿದ್ರೆ ಮಾತ್ರ." ಒದ್ದೆ ಕೈ ಮುಗಿದ. "ಅಕ್ಕ, ಯಾರಿಗೂ ಹೇಳ್ಬೇಡಿ. ನವಾಬ ಅಂತ ಬೈಲಿ, ಅಡ್ಡಿಲ್ಲ. ಕೆಪ್ಪ ಅಂದ್ರೆ ಈ ಊರಲ್ಲಿ ಒಂದು ದಿನ ಯಾರೂ ಇಟ್ಕೊಳ್ಳುದಿಲ್ಲ."

ಆಗ ನನಗೆ ಆ ನಾಲ್ಕು, ಆರುಗಳ ಅರ್ಥವಾಯಿತು. ಕರೆದದ್ದು ಕೇಳದಿರುವಾಗ ಓಡುವುದು ಹೇಗೆ? ಓಡದೆ ಓಟ ಗಳಿಸಬೇಕಾದರೆ ಬೌಂಡರಿ ದಾಟಿಸಿ ಹೊಡೆಯಬೇಕು. ಅವನ ಹೊಡೆತಕ್ಕೆ ನಾವೆಲ್ಲ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

"ನಾನಾಗಿ ಹೇಳುವುದಿಲ್ಲ" ಎಂದೆ. "ಆದ್ರೆ ನನ್ನನ್ನೇ ಯಾರಾದ್ರೂ ಎದುರಲ್ಲಿ ಕೇಳಿದ್ರೆ ಸುಳ್ಳು ಹೇಳುವವಳಲ್ಲ. ಅದು ನಿಂಗೆ ಈಗ್ಲೇ ಗೊತ್ತಿರ್ಲಿ."

"ಯಾರು ಕೇಳ್ತಾರೆ ಅಕ್ಕ?" ಎಂದು ನಕ್ಕ.

ಒಂದು ವರ್ಷ ಯಾರೂ ಕೇಳಲಿಲ್ಲ.

ಆಮೇಲೆ ಬಂತು ದೊಡ್ಡ ಕಂಪೆನಿಯ ಕರೆ. ರಸ್ತೆ ಮಾಡುವ ಕಂಪೆನಿ. ಅವರಿಗೆ ತಮ್ಮದೇ ತಂಡ, ತಂಡದ ಹುಚ್ಚಿನ ಒಬ್ಬ ಮ್ಯಾನೇಜರ್, ಉತ್ತರದ ಕಡೆಯವನು. ಒಳ್ಳೆಯ ಆಟಗಾರನಿಗೆ ಕೆಲಸ ಕೊಟ್ಟು ಕರೆಸಿಕೊಳ್ಳುವುದು ಆ ಕಾಲದಲ್ಲಿ ನಡೆಯುತ್ತಿತ್ತು. ಬೂ ಅಸಾನಿಗೆ ಯಾರ್ಡಿನಲ್ಲಿ ಕೆಲಸ. ಜೊತೆಗೆ ಫ್ಯಾಮಿಲಿ ವೀಸಾ.

ಆ ಎರಡು ಶಬ್ದದ ಬೆಲೆ ಊರಲ್ಲಿದ್ದವರಿಗೆ ಗೊತ್ತಾಗಲಿಕ್ಕಿಲ್ಲ. ಲಾಂಡ್ರಿಯವನಿಗೆ ಹೆಂಡತಿಯನ್ನು ಕರೆಸುವ ಯೋಗ್ಯತೆ ಇಲ್ಲ, ಕಾನೂನು ಹಾಗೆ. ಮಗಳಿಗೆ ಆರು ವರ್ಷ. ಅವನು ಅವಳನ್ನು ನೋಡಿದ್ದು ಎರಡು ರಜೆಯಲ್ಲಿ. ಎರಡನೇ ಸಲ ಹೋದಾಗ ಮಗು ಅವನನ್ನು "ಮಾಮ" ಎಂದು ಕರೆದಿತ್ತಂತೆ. ನನ್ನಲ್ಲಿ ಅದನ್ನು ಹೇಳುವಾಗ ಇಸ್ತ್ರಿ ಪೆಟ್ಟಿಗೆ ಕೈಯಲ್ಲಿತ್ತು, ಅಂಗಿಯೊಂದು ಸುಟ್ಟುಹೋಯಿತು.

ಮುದುಕ ಕಫೀಲ್ ಬಿಟ್ಟುಕೊಡಲು ಒಪ್ಪಿದ್ದ. "ಹೆಂಡತಿ, ಮಗು ಬರುವುದಾದರೆ ಹೋಗು. ಖಲಾಸ್" ಎಂದಿದ್ದನಂತೆ. ಮ್ಯಾನೇಜರನದು ಒಂದೇ ತಕರಾರು. "ಅವನು ಸ್ವಾರ್ಥಿ ಎಂದು ಕೇಳಿದ್ದೇನೆ. ಓಡುವುದಿಲ್ಲ, ಜೊತೆಯವರನ್ನು ಔಟು ಮಾಡಿಸುತ್ತಾನೆ. ಅಂಥವನು ನನ್ನ ತಂಡಕ್ಕೆ ಬೇಡ. ಬರುವ ಶುಕ್ರವಾರದ ಟೂರ್ನಮೆಂಟ್ ಫೈನಲಿಗೆ ಬರುತ್ತೇನೆ. ಓಡುವುದನ್ನು ನೋಡಬೇಕು."

ಬೂ ಅಸಾ ನಮ್ಮ ಬಾಗಿಲಲ್ಲಿ ನಿಂತು ಇದನ್ನು ಹೇಳಿದ. ನಾನು ಕೇಳಿದ್ದು ಬೇರೆ.

"ಯಾರ್ಡಲ್ಲಿ ಎಂತ ಕೆಲಸ?"

"ಲಾರಿಗಳು, ಟ್ರೈಲರುಗಳು ರಿವರ್ಸು ಬರ್ತವಲ್ಲ. ಹಿಂದೆ ನಿಂತು ಕೈ ತೋರ್ಸುದು."

"ಒಂದು ಲಾರಿಗೆ ಕೈ ತೋರಿಸುವಾಗ ಇನ್ನೊಂದು ನಿನ್ನ ಬೆನ್ನ ಹಿಂದೆ ಬಂದ್ರೆ?"

"ಕಣ್ಣುಂಟಲ್ಲ ಅಕ್ಕ."

"ಕಣ್ಣು ಬೆನ್ನಲ್ಲಿಲ್ಲ."

ವೀಸಾದ ಡಾಕ್ಟರು ರಕ್ತ ನೋಡುತ್ತಾರೆ, ಎದೆಯ ಎಕ್ಸ್‌ರೇ ತೆಗೆಯುತ್ತಾರೆ, ಕಿವಿಯನ್ನು ಯಾರೂ ನೋಡುವುದಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಕೊನೆಗೆ, "ಮೊದಲು ಆಟ ಆಗ್ಲಿ ಅಕ್ಕ. ಮತ್ತೆ ನೋಡುವ" ಎಂದ. ನಾನೂ ಹಾಗೇ ಅಂದುಕೊಂಡೆ. ಅದು ನನ್ನ ತಪ್ಪು. ಮತ್ತೆ ನೋಡುವ ಎಂದು ಬಿಟ್ಟದ್ದು ಬೇಡದ ಹೊತ್ತಿನಲ್ಲೇ ಎದುರು ಬರುತ್ತದೆ.

ಹಸನಾಕನ ಅಂಗಡಿಗೆ ಹೋದೆ. ಬೂ ಅಸಾನಿಗೆ ಈ ವಾರ ಕಿವಿಯಲ್ಲಿ ಸ್ವಲ್ಪ ನೋವು, ಬಾಯಿಯಲ್ಲಿ ಕರೆಯುವುದು ಬೇಡ, ಬ್ಯಾಟಿನಲ್ಲೇ ಏನಾದರೂ ಸನ್ನೆ ಮಾಡಿ ಎಂದು ಸುತ್ತಿ ಬಳಸಿ ಹೇಳತೊಡಗಿದೆ. ಹಸನಾಕ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದವನು ತಲೆ ಎತ್ತಲಿಲ್ಲ.

"ಅಕ್ಕ, ಅವ ಕೆಪ್ಪ ಅಂತ ನಂಗೆ ಮೂರು ವರ್ಷದಿಂದ ಗೊತ್ತುಂಟು."

"ಮತ್ತೆ ಬಾಯಿ ಬಿಡ್ಲಿಲ್ಲ ಯಾಕೆ?"

"ಅವನೇ ಹೇಳ್ಲಿ ಅಂತ. ಹೇಳ್ಬೇಕಾದ್ದು ಅವ ಅಲ್ವಾ? ಈಗ ನೀವು ಹೇಳಿ, ಎಂತ ಸನ್ನೆ?"

ಬ್ಯಾಟು ತಲೆಯ ಮೇಲೆ ಎತ್ತಿದರೆ ಬಾ. ಕೆಳಗೆ ನೆಲಕ್ಕಿದ್ದರೆ ನಿಲ್ಲು. ಅಷ್ಟೇ. ಮೂರು ದಿನ ಸಂಜೆ ಲಾಂಡ್ರಿಯ ಹಿಂದೆ ಇಬ್ಬರೂ ಅಭ್ಯಾಸ ಮಾಡಿದರು. ನಮ್ಮವರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಇಡೀ ಊರಿಗೇ ಗೊತ್ತಾಗುತ್ತಿತ್ತು. ನಮ್ಮವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಆ ಶುಕ್ರವಾರ ಗಾಳಿಯೇ ಇರಲಿಲ್ಲ. ಮ್ಯಾನೇಜರ್ ಬಂದು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡ. "ಸ್ಕೋರ್ ನೀವಾ ಭಾಭೀಜಿ? ಶಾಬಾಶ್" ಎಂದ. ಕಪ್ಪು ಕನ್ನಡಕ, ಕೈಯಲ್ಲಿ ಥರ್ಮಾಸ್. ಒಳ್ಳೆಯ ಮನುಷ್ಯ, ಅದನ್ನೂ ಹೇಳಬೇಕು. ನನಗೂ ಚಹಾ ಕೊಟ್ಟ.

ಎದುರಿನವರು ನೂರ ಐವತ್ತೆರಡು ಹೊಡೆದರು. ನಮ್ಮಲ್ಲಿ ಮೊದಲಿನವರೆಲ್ಲ ಬೇಗ ಬೇಗ ಹೋದರು. ಬೂ ಅಸಾ ಒಳಗೆ ಹೋದಾಗ ಆ ಕಡೆಯ ಕ್ಯಾಪ್ಟನ್ ಕೈ ಬೀಸಿ ಎಲ್ಲರನ್ನೂ ಸುಣ್ಣದ ಕಲ್ಲಿನ ಹತ್ತಿರ ಕಳಿಸಿದ. ಚೆಂಡು ಹಾಕುವವನು, ಕೀಪರು ಬಿಟ್ಟರೆ ನಡುವೆ ಯಾರೂ ಇಲ್ಲ. ಹೇಗೂ ಓಡುವವನಲ್ಲ, ಬೌಂಡರಿ ಒಂದು ತಡೆದರೆ ಸಾಕು ಎಂಬ ಲೆಕ್ಕ. ಒಳ್ಳೆಯ ಲೆಕ್ಕವೇ. ಬೂ ಅಸಾ ಮೂರು ಸಲ ಬಡಿದ, ಮೂರು ಸಲವೂ ಚೆಂಡು ನೇರ ಒಬ್ಬೊಬ್ಬನ ಕೈಗೆ ಉರುಳಿತು. ಮೂರು ಚುಕ್ಕೆ ಬರೆದೆ. ಪಕ್ಕದಲ್ಲಿ ಮ್ಯಾನೇಜರ್ ನಾಲಿಗೆ ಲೊಚಗುಟ್ಟಿದ.

ನಾಲ್ಕನೇ ಚೆಂಡು. ಬಡಿದ. ಆ ಕಡೆ ಹಸನಾಕ ಬ್ಯಾಟನ್ನು ತಲೆಯ ಮೇಲೆ ಎತ್ತಿ ಹಿಡಿದ. ಬೂ ಅಸಾ ಅದನ್ನು ಒಂದು ಗಳಿಗೆ ನೋಡಿದ. ಆಮೇಲೆ ಓಡಿದ. ಅವನಿಗೆ ಓಡಲಿಕ್ಕೇ ಬರುತ್ತಿರಲಿಲ್ಲ. ಹೊಳೆ ದಾಟುವವನ ಹಾಗೆ ಮಂಡಿ ಮೇಲಕ್ಕೆತ್ತಿ, ಬ್ಯಾಟನ್ನು ದೊಣ್ಣೆಯ ಹಾಗೆ ಹಿಡಿದು. ನಮ್ಮ ಕಡೆಯವರೆಲ್ಲ ಎದ್ದು ನಿಂತರು. ಕಫೀಲ್ ಮುದುಕ ಪಿಕಪ್ಪಿನ ಮೇಲಿಂದ, "ಯಲ್ಲಾ, ಬೂ ಅಸಾ, ಯಲ್ಲಾ!" ಎಂದು ಕಿರುಚಿದ. ಅವನ ಸಾಲಿನಲ್ಲಿ ಒಂದು ಎಂದು ಬರೆಯುವಾಗ ಪೆನ್ಸಿಲಿನ ಮೊನೆ ಮುರಿಯಿತು.

ಒಂದು ಆದ ಮೇಲೆ ಇನ್ನೊಂದು, ಮತ್ತೊಂದು. ಓಟ ತಡೆಯಲು ಅವರು ಜನರನ್ನು ಹತ್ತಿರ ಕರೆದರೆ ಇವನು ತಲೆಯ ಮೇಲಿಂದ ಎತ್ತಿ ಬಿಡುತ್ತಿದ್ದ. ಮತ್ತೆ ದೂರ ಕಳಿಸಿದರೆ ಹಸನಾಕನ ಬ್ಯಾಟು ಏಳುತ್ತಿತ್ತು. ಮ್ಯಾನೇಜರ್ ಥರ್ಮಾಸನ್ನು ಕೆಳಗಿಟ್ಟು ಮುಂದಕ್ಕೆ ಬಾಗಿ ಕೂತ.

ಕೊನೆಯ ಓವರಿನ ಮೂರನೇ ಚೆಂಡಿಗೆ ಹಸನಾಕನ ವಿಕೆಟ್ ಹಾರಿತು.

ಉಳಿದದ್ದು ಮೂರು ಚೆಂಡು, ಬೇಕಾದದ್ದು ಮೂರು ಓಟ, ಕೊನೆಯ ಆಟಗಾರ ನಮ್ಮವರು. ಮಂಡಿನೋವಿನಿಂದ ಕೊನೆಗೆ ಆಡುತ್ತಿದ್ದರು. ಗ್ಲೌಸು ಹಾಕುತ್ತ ಹೋಗುತ್ತಿದ್ದವರ ಹಿಂದೆ ನಾನು ನಾಲ್ಕು ಹೆಜ್ಜೆ ಓಡಿದೆ.

"ಏನ್ರೀ, ಅವನಿಗೆ ಬ್ಯಾಟು ಎತ್ತಿ ತೋರಿಸಿ. ಬಾಯಲ್ಲಿ ಕರಿಬೇಡಿ!"

"ನೀನು ಸ್ಕೋರು ಬರಿ" ಎಂದು ತಿರುಗದೆ ಹೋದರು.

ನಾಲ್ಕನೇ ಚೆಂಡು ಅವರ ಬ್ಯಾಟಿನ ಅಂಚಿಗೆ ತಾಗಿ ಎಲ್ಲಿಗೋ ಹೋಯಿತು. ಇವರು ಓಡಿದ್ದನ್ನು ಎದುರಿನಿಂದ ಕಂಡು ಅವನೂ ಓಡಿದ. ಇನ್ನು ಎರಡು ಬೇಕು. ಐದನೇ ಚೆಂಡನ್ನು ಅವನು ಬಡಿದ ಬಡಿತಕ್ಕೆ ಬೌಲರನ ಕೈಯೇ ಒಡೆಯಬೇಕಿತ್ತು, ಅವನು ತಡೆದುಬಿಟ್ಟ. ಚುಕ್ಕೆ. ಒಂದು ಚೆಂಡು, ಎರಡು ಓಟ. ಹಸನಾಕ ನನ್ನ ಕುರ್ಚಿಯ ಹಿಂದೆ ನಿಂತು ದೇವರ ಹೆಸರು ಹೇಳುತ್ತಿದ್ದ.

ಕೊನೆಯ ಚೆಂಡು ಅವನ ಕಾಲಿನ ಕಡೆ ಬಂತು. ತಿರುಗಿಸಿ ಬಿಟ್ಟ, ಚೆಂಡು ಅವನ ಬೆನ್ನ ಹಿಂದೆ, ದೂರ. ಇಬ್ಬರೂ ಓಡಿ ಒಂದು ಮುಗಿಸಿದರು. ಅಲ್ಲಿ ಕಲ್ಲಿನ ಹತ್ತಿರ ಇದ್ದವನ ಕೈಯಿಂದ ಚೆಂಡು ಜಾರಿ ಉರುಳಿತು. ನಮ್ಮವರು ಅದನ್ನು ಕಂಡು ಆ ತುದಿಯಿಂದ, "ಎರಡೂ! ಎರಡೂ! ಬಾ ಮಾರಾಯ!" ಎಂದು ಬಯಲೇ ಹಾರಿಹೋಗುವ ಹಾಗೆ ಕೂಗಿದರು. ಬೂ ಅಸಾ ತಿರುಗಿ ಅವರ ಬ್ಯಾಟನ್ನು ನೋಡಿದ. ಅವರ ಬ್ಯಾಟು ನೆಲಕ್ಕಿತ್ತು. ಬಾಯಿಯ ಮೇಲೆ ಆ ಮೀಸೆ. ಬ್ಯಾಟು ನೆಲಕ್ಕಿದ್ದರೆ ನಿಲ್ಲು. ಅವನು ನಿಂತ.

ನಮ್ಮವರು ಕೂಗುತ್ತಿದ್ದಾರೆ, ಇಡೀ ತಂಡ ಕೂಗುತ್ತಿದೆ, ಹಸನಾಕ ನನ್ನ ಕಿವಿಯಲ್ಲೇ ಕೂಗುತ್ತಿದ್ದಾನೆ. ಕೇಳಬೇಕಾದವನಿಗೆ ಒಂದೂ ಕೇಳುವುದಿಲ್ಲ. ನಾನು ಎದ್ದು ಟಾರ್ಪಾಲಿನ ಹೊರಗೆ ಬಂದು ನಿಂತೆ. ಪುಸ್ತಕ ಬಿತ್ತು. ಬಿಚ್ಚಿದ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಆದಷ್ಟು ಮೇಲಕ್ಕೆ, ತಲೆಯ ಮೇಲೆ ಎತ್ತಿದೆ.

ಆ ಬಿಳಿ ಬಿಸಿಲಿನಲ್ಲಿ ಕಪ್ಪು ಕೊಡೆ ಕಾಣದೆ ಇರುತ್ತದೆಯೇ? ಕಂಡ. ಓಡಿದ. ಕೊನೆಯ ಎರಡು ಮಾರು ಜಲ್ಲಿಕಲ್ಲಿನ ಮೇಲೆ ಎದೆ ಉಜ್ಜಿಕೊಂಡು ಹೋದ. ಚೆಂಡು ವಿಕೆಟ್ಟಿಗೆ ಬಡಿಯುವ ಮುಂಚೆ ಅವನ ಬ್ಯಾಟು ಚಾಪೆಯ ಗೆರೆ ದಾಟಿತ್ತು.

ಎದುರು ತಂಡದ ಕ್ಯಾಪ್ಟನ್ ನೇರ ನನ್ನ ಹತ್ತಿರ ಬಂದ. "ಏನು ಆಂಟಿ, ಸ್ಕೋರರ್ ಕೊಡೆ ಎತ್ತಬಹುದಾ?"

"ಬಿಸಿಲು" ಎಂದೆ.

ಅವನು ಹೋದ. ಪಕ್ಕದಲ್ಲಿದ್ದವನು ಹೋಗಲಿಲ್ಲ. ಮೈದಾನದ ನಡುವೆ ನಮ್ಮ ತಂಡದವರೆಲ್ಲ ಬೂ ಅಸಾನನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು. ಎದೆಯೆಲ್ಲ ರಕ್ತ, ಬಾಯಿ ತುಂಬ ನಗು, ಬ್ಯಾಟು ಆಕಾಶಕ್ಕೆ. ಮ್ಯಾನೇಜರ್ ಕಪ್ಪು ಕನ್ನಡಕ ತೆಗೆದು ಮೆಲ್ಲಗೆ ಹಿಂದಿಯಲ್ಲಿ ಹೇಳಿದ, "ಭಾಭೀಜಿ, ಆ ಕೊಡೆ ಬಿಸಿಲಿಗಲ್ಲ. ಇಷ್ಟು ಜನ ಕೂಗಿದರು, ಅವನು ಕದಲಲಿಲ್ಲ. ಅವನಿಗೆ ಕಿವಿ ಕೇಳುವುದಿಲ್ಲ, ಅಲ್ಲವಾ?"

ಹಸನಾಕ ಹಿಂದಿನಿಂದ ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡ. ಒಂದು "ಇಲ್ಲ ಸಾಬ್, ಚೆನ್ನಾಗಿ ಕೇಳ್ತದೆ" ಎಂದರೆ ಮುಗಿಯುತ್ತಿತ್ತು. ಆರು ತಿಂಗಳಲ್ಲಿ ಹೆಂಡತಿ, ಮಗಳು ಬರುತ್ತಿದ್ದರು. ನನ್ನ ಕಣ್ಣಿಗೆ ಬಂದದ್ದು ಟ್ರೈಲರಿನ ಹಿಂಭಾಗ.

"ನಹೀ ಸುನ್ತಾ" ಎಂದೆ. "ಯಾರ್ಡು ಬೇಡ ಸಾಬ್. ಬೇರೆ ಏನಾದ್ರೂ ಕೆಲಸ ಕೊಡಿ."

ಹೇಳಿ ತಲೆ ಎತ್ತಿದೆ. ಹೆಗಲುಗಳ ಮೇಲಿಂದ ಅವನು ನನ್ನನ್ನೇ ನೋಡುತ್ತಿದ್ದ. ನನ್ನ ಬಾಯನ್ನು. ಅಷ್ಟು ದೂರದಿಂದ. ನಗು ಹಾಗೇ ಇತ್ತು, ಬ್ಯಾಟು ಮಾತ್ರ ನಿಧಾನಕ್ಕೆ ಕೆಳಗಿಳಿಯಿತು.

ಬೇರೆ ಕೆಲಸಕ್ಕೆ ಇಂಗ್ಲಿಷ್ ಓದಲು ಬರಬೇಕಿತ್ತು. ಬರುತ್ತಿರಲಿಲ್ಲ. ಮುಗಿಯಿತು.

ಮನೆಯಲ್ಲಿ ನಮ್ಮವರು ಕಿರುಚಾಡಿದರು. "ನಿನ್ನನ್ನು ಯಾರು ಕೇಳಿದ್ದು?"

"ಅವರೇ ಕೇಳಿದ್ದು" ಎಂದೆ.

ನಮ್ಮವರು ಮಾರನೆಯ ದಿನ ಮೀಸೆ ಬೋಳಿಸಿಕೊಂಡು ಬಂದರು.

ಅವನು ನಮ್ಮ ಮನೆಯ ಊಟಕ್ಕೆ ಬರುವುದನ್ನು ಬಿಟ್ಟ. ಇನ್ನೂ ನಾಲ್ಕು ವರ್ಷ ಲಾಂಡ್ರಿಯಲ್ಲಿದ್ದ; ಕೆಪ್ಪ ಎಂದು ಗೊತ್ತಾದ ಮೇಲೂ ಮುದುಕ ಕಫೀಲ್ ಅವನನ್ನು ಬಿಡಲಿಲ್ಲ. ಶುಕ್ರವಾರ ಆಡುತ್ತಿದ್ದ. ಈಗ ಎಲ್ಲರಿಗೂ ಗೊತ್ತು, ಎಲ್ಲರೂ ಬ್ಯಾಟು ಎತ್ತಿ ಕರೆಯುತ್ತಿದ್ದರು. ಅವನು ಒಂದು ಓಟವನ್ನೂ ಓಡಲಿಲ್ಲ. ನಾಲ್ಕು, ಆರು, ಚುಕ್ಕೆ. ಬರೆಯುತ್ತಿದ್ದವಳು ನಾನೇ.

ತೊಂಬತ್ತೈದರಲ್ಲಿ ನಾವು ಊರಿಗೆ ಹೊರಟಾಗ ಬಾಗಿಲಿಗೆ ಬಂದ. ನಮ್ಮವರ ಅಂಗಿಗಳನ್ನು ಇಸ್ತ್ರಿ ಹಾಕಿ ತಂದಿದ್ದ.

"ತಪ್ಪಾಯ್ತು ಅಂತ ನಾನು ಹೇಳುದಿಲ್ಲ" ಎಂದೆ.

"ಹೇಳ್ಬೇಡಿ" ಎಂದ. "ಆ ದಿನದಿಂದ ನಿಮ್ಮ ಬಾಯಿ ನೋಡಿರ್ಲಿಲ್ಲ ಅಕ್ಕ. ಇವತ್ತು ನೀವು ಹೊರಡುವ ಮುಂಚೆ ಒಮ್ಮೆ ನೋಡುವ ಅಂತ ಬಂದೆ."

ಒಳಗೆ ಬಾ ಎಂದೆ. ಬರಲಿಲ್ಲ.

ಇನ್ನೊಂದು ವಿಷಯ. ಆ ಯಾರ್ಡಿನಲ್ಲಿ ನಾವು ಅಲ್ಲಿದ್ದಷ್ಟು ವರ್ಷ ಒಬ್ಬನ ಕಾಲಿನ ಮೇಲೂ ಚಕ್ರ ಹತ್ತಲಿಲ್ಲ. ಆಗಾಗ ವಿಚಾರಿಸುತ್ತಿದ್ದೆ. ಏನಾದರೂ ಆಗಲಿ ಎಂದಲ್ಲ. ಆಗಿದ್ದರೆ ನಾನು ಹೇಳಿದ್ದು ಸರಿ ಎಂದಾಗುತ್ತಿತ್ತು. ಆಗಲಿಲ್ಲ.

ಹೋದ ತಿಂಗಳು ಫೋನು ಮಾಡಿದ ಮಗಳು ಸಾವಿನ ಸುದ್ದಿ ಹೇಳಿ, ಒಂದು ಮಾತು ಕೇಳಿದಳು. "ಆಂಟಿ, ನಮ್ಮ ಮನೆಯಲ್ಲಿ ಅಪ್ಪನನ್ನು ಊಟಕ್ಕೆ ಕರೀಬೇಕಾದ್ರೆ ಅಮ್ಮ ಸೌಟನ್ನು ತಲೆ ಮೇಲೆ ಎತ್ತಿ ಹಿಡೀತಿದ್ರು. ಎತ್ತಿದ್ರೆ ಬಾ, ಕೆಳಗಿದ್ರೆ ನಿಲ್ಲು. ಅಪ್ಪನೇ ಕಲಿಸಿದ್ದು. ಮಸ್ಕತ್ತಿಂದು ಅಂತಿದ್ರು. ಎಂತ ಅದು?"

ನಾನು ಹೇಳಿದೆ. ಹಸನಾಕನ ಬ್ಯಾಟು, ನನ್ನ ಕೊಡೆ, ಮ್ಯಾನೇಜರಿಗೆ ಕೊಟ್ಟ ಉತ್ತರ, ಎಲ್ಲ ಹೇಳಿದೆ.

"ನಮ್ಗೆ ಇದು ಗೊತ್ತಿರ್ಲಿಲ್ಲ" ಎಂದಳು. "ಬೇರೆಯವ್ರ ಹೆಂಡತಿ ಮಕ್ಕಳೆಲ್ಲ ಅಲ್ಲಿಗೆ ಹೋದ್ರು. ಅಪ್ಪನಿಗೆ ನಾವು ಬೇಡ ಅಂತ ನಾನು ಸಣ್ಣದ್ರಿಂದ ತಿಳ್ಕೊಂಡದ್ದು. ಒಂದ್ಸಲ ಮುಖಕ್ಕೇ ಹೇಳಿದ್ದೆ. ಅವ್ರು ಎಂತದೂ ಹೇಳ್ಲಿಲ್ಲ."

ನನ್ನ ಹೆಸರು ಬರುತ್ತದೆ ಎಂದು ಅವನು ಬಾಯಿ ಬಿಟ್ಟಿಲ್ಲ. ಮಗಳ ಆ ಮಾತನ್ನೂ ನುಂಗಿಕೊಂಡಿದ್ದಾನೆ. ಮೂವತ್ತು ವರ್ಷ.

ಅದಕ್ಕೇ ಇದನ್ನು ಬರೆದದ್ದು. ಹಳೆಯ ಪುಸ್ತಕಗಳು ಹಾಸಿಗೆಯ ಪೆಟ್ಟಿಗೆಯಲ್ಲಿದ್ದವು. ಆ ಶುಕ್ರವಾರದ ಹಾಳೆಯನ್ನು ಹರಿದು ಮಗಳಿಗೆ ಅಂಚೆಯಲ್ಲಿ ಕಳಿಸಿದ್ದೇನೆ, ಅವನ ಸಾಲಿಗೆ ಕೆಂಪು ಗೆರೆ ಎಳೆದು. ಮಗು, ಎಣಿಸಿ ನೋಡು. ಹನ್ನೆರಡು ಬೌಂಡರಿ ಉಂಟು, ಅದನ್ನು ಬಿಡು, ಅದು ಅವನಿಗೆ ಸುಲಭ. ಒಂದು ಎಂಬ ಅಂಕಿ ಹನ್ನೊಂದು ಸಲ ಉಂಟು, ಕೊನೆಯಲ್ಲಿ ಎರಡು ಎಂಬುದು ಒಂದು ಸಲ. ಹತ್ತು ವರ್ಷದ ಆರು ಪುಸ್ತಕಗಳಲ್ಲಿ ಬೇರೆ ಯಾವ ಹಾಳೆಯಲ್ಲೂ ಅವನ ಸಾಲಿನಲ್ಲಿ ಅವಿಲ್ಲ. ಅಷ್ಟನ್ನು ಅವನು ಓಡಿದ್ದು ನಿಮ್ಮಿಬ್ಬರನ್ನು ಕರೆತರಲಿಕ್ಕೆ.